ಪುನರ್ವಸು ಮಳೆಯಲ್ಲಿ ಬಿಗಿದುಕೊಂಡ ಚಾಕು

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ತೋಟದಲ್ಲಿ ಬಾಳೆಗೆ ಕಟ್ಟಿದ್ದ ಹಗ್ಗ ಕೊಯ್ಯಲೆಂದು ಜೇಬಿನಿಂದ ಚಾಕು ತೆಗೆದೆ, ತೆರೆಯಲಿಲ್ಲ. ಅಲಗಿನ ಮೇಲಿನ ಗೀರಿಗೆ ಉಗುರು ಕೊಟ್ಟು ಎಳೆದರೆ ಉಗುರೇ ಕಿತ್ತು ಬರುವಂತಾಯಿತು. ಅಕ್ಕನ ಮಗ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದು ಮುಗಿಸಿ ಬರುವಾಗ ನನಗೆಂದು ತಂದ ಮಡಚುವ ಚಾಕು ಅದು, ಒಪಿನೆಲ್ 8ನೇ ನಂಬರು. ಏಪ್ರಿಲ್‌ನಲ್ಲಿ ಒಂದೇ ಬೆರಳಿಗೆ ತೆರೆದುಕೊಳ್ಳುತ್ತಿತ್ತು. ಜುಲೈಗೆ ಕಲ್ಲಾಗಿ ಕುಳಿತಿತ್ತು.

ತಪ್ಪು ಚಾಕುವಿನದ್ದಲ್ಲ. ಅದರ ಕಟ್ಟು ಅರ್ಥವಾದ ಮೇಲೆ ಇದು ನನಗೆ ತಿಳಿಯಿತು. ಇರುವುದೇ ಐದು ತುಂಡು: ಬೀಚ್ ಮರದ ಹಿಡಿ, 8.5 ಸೆಂಟಿಮೀಟರ್ ಉದ್ದದ ಅಲಗು, ಅವೆರಡನ್ನೂ ಹಿಡಿದಿಡುವ ಒಂದು ರಿವೆಟ್, ಹಿಡಿಯ ತುದಿ ಸೀಳದಂತೆ ಸುತ್ತಿದ ಲೋಹದ ಪಟ್ಟಿ, ಪಟ್ಟಿಯ ಮೇಲೆ ತಿರುಗುವ ಬೀಗದ ಉಂಗುರ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸಾವ್ವಾ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ಮಾಡಿದ. ಉಂಗುರ ಸೇರಿದ್ದು 1955ರಲ್ಲಿ. ಒಳಗೆ ಸ್ಪ್ರಿಂಗ್ ಇಲ್ಲ, ತಿರುಗಿಸಿ ಬಿಗಿ ಮಾಡೋಣ ಎಂದರೆ ಸ್ಕ್ರೂ ಕೂಡ ಇಲ್ಲ. ಅಲಗನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ಕೆಲಸ ಮರದ್ದೇ. ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಹೊರಗೆ ಲೋಹದ ಪಟ್ಟಿ ಬಿಗಿದಿರುವುದರಿಂದ ಅದಕ್ಕೆ ಉಬ್ಬಲು ಜಾಗವಿರುವುದು ಒಳಗೆ, ಅಲಗಿನ ಕಡೆಗೆ ಮಾತ್ರ. ನಮ್ಮ ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ.

ನಾನು ಆಗ ಮಾಡಿದ್ದು ಬಾಗಿಲಿಗೆ ಮಾಡುವ ಉಪಾಯವನ್ನೇ. ಅಂಚೆ ಕಾರ್ಡಿನಷ್ಟು ದಪ್ಪದ ರಟ್ಟಿಗೆ ಉಪ್ಪುಕಾಗದ ಸುತ್ತಿ, ಅಲಗು ಕೂರುವ ಸೀಳಿನ ಒಳಗೋಡೆಯನ್ನು ಎರಡೂ ಕಡೆ ಚೆನ್ನಾಗಿ ಉಜ್ಜಿದೆ. ಅರ್ಧ ಗಂಟೆಯಲ್ಲಿ ಸಲೀಸಾಗಿ ತೆರೆಯಿತು. ಆ ಮಳೆಗಾಲವಿಡೀ ನನಗೆ ಅದೇ ಹೆಮ್ಮೆ.

ಮಾರ್ಚ್ ಬಂತು. ಮರ ಒಣಗಿ ಕುಗ್ಗಿತು. ಉಜ್ಜಿ ತೆಗೆದದ್ದು ತಿರುಗಿ ಬರುತ್ತದೆಯೇ? ಅಲಗು ಅತ್ತಿತ್ತ ಓಲಾಡತೊಡಗಿತು, ಚಾಕು ಕೆಳಮುಖ ಹಿಡಿದರೆ ತನ್ನಷ್ಟಕ್ಕೆ ಜಾರಿ ತೆರೆಯುತ್ತಿತ್ತು. ಒಂದು ದಿನ ಉಂಗುರ ತಿರುಗಿಸಲು ಮರೆತು ಜೇಬಿಗೆ ಹಾಕಿದ್ದೆ. ಕಟ್ಟೆಯ ಮೇಲೆ ಕೂರುವಾಗ ಅಲಗಿನ ತುದಿ ಹೊರಬಂದು ಪಂಚೆ ಸೀಳಿ ತೊಡೆಗೆ ಗೀರು ಹಾಕಿತು. ಗಾಯ ಸಣ್ಣದು, ಆದರೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂಬ ಭಯ ದೊಡ್ಡದಾಯಿತು. ಮಳೆಯಲ್ಲಿ ಉಬ್ಬಿದ ಮರವನ್ನು ಮಳೆಯಲ್ಲೇ ಕೆರೆಯಬಾರದು. ಕೆರೆಯುವುದೇ ಆದರೆ ಬೇಸಿಗೆಯಲ್ಲಿ, ಅದೂ ಒಣಗಿದ ಮರ ಅಲಗನ್ನು ಹಿಡಿಯುತ್ತಿದ್ದರೆ ಮಾತ್ರ.

ಸಡಿಲವಾದದ್ದನ್ನು ಸರಿಪಡಿಸಲು ರಿವೆಟ್ ಬಿಗಿ ಮಾಡಬೇಕಾಯಿತು. ಅದರ ತಲೆ ಉಂಗುರದ ಅಡಿಯಲ್ಲಿರುತ್ತದೆ, ಆದ್ದರಿಂದ ಮೊದಲು ಉಂಗುರ ತೆಗೆಯಬೇಕು. ಬೈಕ್ ರಿಪೇರಿಯವರ ಹತ್ತಿರ ಇರುವ ಸರ್ಕ್ಲಿಪ್ ಪ್ಲೈಯರ್ ಇದಕ್ಕೆ ಹೇಳಿ ಮಾಡಿಸಿದ್ದು. ಉಂಗುರದ ಸೀಳಿನ ಎರಡು ಅಂಚಿಗೆ ಮೂತಿ ಕೊಟ್ಟು, ಜಾರಿ ಬರುವಷ್ಟೇ ಅಗಲಿಸಬೇಕು. ಹೆಚ್ಚು ಅಗಲಿಸಿದರೆ ಉಂಗುರದ ಬಿಗಿತ ಹೋಗುತ್ತದೆ, ಮತ್ತೆ ಇಕ್ಕಳದಲ್ಲಿ ಒತ್ತಿ ಸರಿಮಾಡುತ್ತ ಕೂರಬೇಕಾಗುತ್ತದೆ. ಈ ಕೆಲಸ ಮಾಡುವಾಗ ಅಲಗಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ರಿವೆಟ್‌ನ ಒಂದು ತಲೆಯನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಇನ್ನೊಂದು ತಲೆಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದೆ. ಹೊಡೆಯುವುದಲ್ಲ, ತಟ್ಟುವುದು. ಎರಡು ತಟ್ಟು, ತೆರೆದು ಮುಚ್ಚಿ ನೋಡು, ಮಗುಚಿ ಮತ್ತೆ ಎರಡು ತಟ್ಟು. ಒಮ್ಮೆ ಅತಿಯಾಗಿ ಬಿಗಿಯಾದರೆ ಸಡಿಲ ಮಾಡುವುದು ಬಹಳ ಕಷ್ಟ. ಏಳೆಂಟು ಸಲಕ್ಕೆ ಓಲಾಟ ನಿಂತಿತು.

ಆಮೇಲೆ ನಿಜವಾದ ಮದ್ದು, ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ಆದರೆ ಅದು ಮರದೊಳಗೆ ಗಟ್ಟಿಯಾಗುವುದಿಲ್ಲ, ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಾಗಲ್ಲ, ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಹಚ್ಚಲು ಸಿಗುವ ಡಬಲ್ ಬಾಯಿಲ್ಡ್ ಎಣ್ಣೆ ಬೇಗ ಒಣಗುತ್ತದಾದರೂ ಅದಕ್ಕೆ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಹಣ್ಣು ಕೊಯ್ಯುವ ಚಾಕು ಎಂದು ನಾನು ಗಾಣದ ಅಗಸೆ ಎಣ್ಣೆಯನ್ನೇ ತಂದೆ. ಏಪ್ರಿಲ್‌ನ ಬಿಸಿಲಿನಲ್ಲಿ, ಮರ ಪೂರ್ತಿ ಒಣಗಿದಾಗ, ಕೋಳಿಪುಕ್ಕದಲ್ಲಿ ಅದ್ದಿ ಸೀಳಿನೊಳಗೆ, ರಿವೆಟ್‌ನ ಸುತ್ತ, ಹಿಡಿಯ ಹಿಂತುದಿಗೆ ಹಚ್ಚಿದೆ. ಹಿಂತುದಿಯನ್ನು ಮರೆಯಬೇಡಿ, ಮರದ ನರಗಳ ಬಾಯಿ ತೆರೆದಿರುವುದು ಅಲ್ಲಿ, ಅದು ಹೆಚ್ಚು ಹೀರುತ್ತದೆ. ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿದೆ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಐದು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಸೋಗೆ, ದಬ್ಬೆ ತುಂಬಿದ ಕೊಟ್ಟಿಗೆಯಿರುವ ನಮ್ಮಂಥವರ ಮನೆಯಲ್ಲಿ ಇದು ಆಟದ ಮಾತಲ್ಲ. ನಾನು ಆ ಬಟ್ಟೆಯನ್ನು ಬಚ್ಚಲೊಲೆಗೆ ಹಾಕಿ ಸುಟ್ಟೆ. ಕೊನೆಗೆ ಚೂರು ಜೇನುಮೇಣ ಕರಗಿಸಿ ಸೀಳಿನ ಒಳಗೋಡೆಗೆ ಸವರಿದೆ.

ಎಣ್ಣೆ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡ ಮಾಡುತ್ತದೆ. ಮುಂದಿನ ಮಳೆಗಾಲದಲ್ಲಿಯೂ ಪುಷ್ಯ ಮಳೆಯ ಹೊತ್ತಿಗೆ ಬಿಗಿಯಾಯಿತು, ಆದರೆ ಉಗುರಿಗೆ ಸೋಲುವಷ್ಟು. ತೀರಾ ಬಿಗಿದರೆ ಸಾವ್ವಾದವರದೇ ಒಂದು ಉಪಾಯವಿದೆ: ಉಂಗುರ ತೆರೆದಿಟ್ಟು, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಚುರುಕಾಗಿ ಕುಟ್ಟಿದರೆ ಅಲಗಿನ ಮೂಗು ಹೊರಗೆ ಇಣುಕುತ್ತದೆ. ನಾನು ಜಗುಲಿಯ ಕಂಬಕ್ಕೆ ಕುಟ್ಟುತ್ತೇನೆ. ರಾತ್ರಿ ಅಡಿಕೆ ಅಟ್ಟದ ಹತ್ತಿರ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಬೆಳಿಗ್ಗೆ ಹದಕ್ಕೆ ಬಂದಿರುತ್ತದೆ. ಒಲೆಗೆ ತೀರಾ ಹತ್ತಿರ ಬೇಡ, ಮರ ಸೀಳುತ್ತದೆ.

ಅಲಗಿನ ಕಥೆ ಬೇರೆ. ನನ್ನದು ಕಾರ್ಬನ್ ಉಕ್ಕು, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಕೂಡ ಸಿಗುತ್ತದೆ. ಮಲೆನಾಡಿಗೆ ಸ್ಟೇನ್‌ಲೆಸ್ ಜಾಣತನ ಎಂದು ಬಹಳ ಜನ ಹೇಳಿದರು. ನನಗೆ ಕಾರ್ಬನ್ನೇ ಇಷ್ಟ, ಬೇಗ ಮಸೆಯಬಹುದು. ತುಕ್ಕಿಗೆ ನಮ್ಮ ಊರಿನಲ್ಲೇ ಮದ್ದಿತ್ತು. ಅಡಿಕೆ ಬೇಯಿಸಿದ ಹಂಡೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅಡಿಕೆಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಅಲಗನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ಹಿಡಿಗೆ ತಾಗದಂತೆ ದಾರದಲ್ಲಿ ತೂಗುಬಿಟ್ಟು ಚೊಗರಿನಲ್ಲಿ ಇಳಿಸಿದೆ. ಇಪ್ಪತ್ತು ನಿಮಿಷ ಅದ್ದು, ತೊಳೆ, ಒಣಗಿಸು, ಹೀಗೆ ಮೂರು ಸಲ. ನೇರಳೆ ಹಣ್ಣಿನಂಥ ಕಪ್ಪು ಬಂತು. ಅಂದಿನಿಂದ ಕೆಂಪು ತುಕ್ಕು ಬಹಳ ಕಡಿಮೆ. ಆದರೂ ಬಾಳೆಯ ಸೊನೆ, ನಿಂಬೆಯ ಹುಳಿ ತಾಗಿದರೆ ಆಗಲೇ ಒರೆಸಬೇಕು. ಅಲಗಿಗೆ ಮಾತ್ರ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ಒಮ್ಮೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಹದ ನೋಡಲು ಇದೇ ಚಾಕು ಅದ್ದಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿದ ಮೇಲೆ ಹೊಳೆಯುವ ಕಬ್ಬಿಣ ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಅಂದು ಸಾಲದಾಗಿತ್ತು. ಮಸೆದ ಬಾಯಿಯ ಉದ್ದಕ್ಕೂ ತಾಮ್ರ ಕೂತು, ಅದನ್ನು ತೆಗೆದು ಮತ್ತೆ ಬಾಯಿ ಹಿಡಿಸಲು ಅರ್ಧ ದಿನ ಹೋಯಿತು. ಈಗ ಆ ಪರೀಕ್ಷೆಗೆ ಹಳೆಯ ಕತ್ತಿಯ ತುಂಡೊಂದನ್ನು ಡ್ರಮ್ಮಿಗೇ ಕಟ್ಟಿಟ್ಟಿದ್ದೇನೆ.

ಮಸೆಯುವುದಕ್ಕೆ ಹೆಚ್ಚು ಸಾಮಾನು ಬೇಕಿಲ್ಲ. ಎರಡು ಮೈಯ ಸಾಣೆಕಲ್ಲು ನೀರಲ್ಲಿ ನೆನೆಸಿ, ಅಲಗಿನ ಬೆನ್ನನ್ನು ಸ್ವಲ್ಪವೇ ಎತ್ತಿ, 20 ಡಿಗ್ರಿಗೆ ಸ್ವಲ್ಪ ಕಡಿಮೆ, ಒಂದು ಮೈ ಮಸೆಯುತ್ತ ಹೋದರೆ ಇನ್ನೊಂದು ಮೈಯಲ್ಲಿ ಕೂದಲಿನಂಥ ಅಂಚು ಬೆರಳಿಗೆ ತಗಲುತ್ತದೆ. ಅದು ಬುಡದಿಂದ ತುದಿವರೆಗೆ ಎದ್ದ ಮೇಲೆಯೇ ಮಗುಚಬೇಕು. ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಒಳಮೈಗೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆದರೆ ಆ ಅಂಚು ಉದುರುತ್ತದೆ. ಕಾಳುಮೆಣಸಿನ ಕಸಿಗೆ ಮಾತ್ರ ಈ ಚಾಕು ಬೇಡ. ಎರಡೂ ಮೈ ಮಸೆದ ಅಲಗು ಸಮತಟ್ಟಾದ ಓರೆ ಕೊಡುವುದಿಲ್ಲ, ಅದಕ್ಕೆ ಒಂದೇ ಮೈ ಮಸೆದ ಕಸಿಚಾಕುವೇ ಆಗಬೇಕು.

ಈ ವರ್ಷ ಆರಿದ್ರಾ ಮಳೆಗೆ ಮೊದಲೇ ಉಂಗುರ ಬಿಚ್ಚಿ, ಅಡಿಯಲ್ಲಿ ಸೇರಿದ್ದ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದು, ಮೇಣ ಸವರಿ ಇಟ್ಟಿದ್ದೇನೆ. ಈಗ ಹೊರಗೆ ಪುಷ್ಯ ಸುರಿಯುತ್ತಿದೆ. ಬೆಳಿಗ್ಗೆ ಕಂಬಕ್ಕೆ ಒಂದೇ ಸಲ ಕುಟ್ಟಿದೆ, ತೆರೆಯಿತು.