ಟೇಪಿಗೆ ಅಂತಲೇ ಬೇರೆ ಮಿಕ್ಸ್

ಡ್ರಮ್ ಮಶಿನ್, ಒಂದು ಹಳೆ ಸಿಂಥ್ (ಸಿಂಥಸೈಸರ್), ಅದರ ಮೇಲೆ ಉದ್ದಕ್ಕೆ ಗುಂಯ್‌ಗುಟ್ಟುವ ಡ್ರೋನ್. ನಾನು ಮಾಡುವುದು ಇಂಥ ಸಂಗೀತ. ಇದನ್ನು ಕೇಳಲು ಜನ ಮುಗಿಬೀಳುವುದಿಲ್ಲ, ಅಲ್ವಾ? ವಿನೈಲ್ ಮಾಡಿಸಬೇಕೆಂದರೆ ಮೊದಲು ಲ್ಯಾಕರ್ ಅನ್ನುವ ಮೂಲ ತಟ್ಟೆ ಕೊರೆಸಬೇಕು, ಆಮೇಲೆ ಅಚ್ಚು ತೆಗೆಸಬೇಕು. ನೂರಾರು ಪ್ರತಿ ಒತ್ತಿಸದೆ ಆ ಖರ್ಚು ಗಿಟ್ಟುವುದಿಲ್ಲ. ಕ್ಯಾಸೆಟ್ ಆದರೆ ಒಂದೇ ಒಂದು ಪ್ರತಿ ಬೇಕೆಂದರೂ ಮನೆಯಲ್ಲೇ ಕೂತು ಮಾಡಬಹುದು.

ಇದೇನೂ ಹೊಸ ಉಪಾಯ ಅಲ್ಲ. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸ್ಟಲ್ ತಂಡದವರು 1976ರಲ್ಲಿ ಶುರು ಮಾಡಿದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಕಂಪನಿ ಆ ತಂಡದ ಲೈವ್ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿನಲ್ಲಿ ಮಾರುತ್ತಿತ್ತು. 1979ರಲ್ಲಿ ಟೀಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ರೆಕಾರ್ಡರ್ ಬಂದ ಮೇಲೆ ನಾಲ್ಕು ಟ್ರ್ಯಾಕ್ ರೆಕಾರ್ಡಿಂಗ್ ಕೂಡ ಕ್ಯಾಸೆಟ್ ಮೇಲೆಯೇ ಸಾಧ್ಯವಾಯಿತು. ಸಿಡಿ ಬಂದು ಟೇಪು ಮೂಲೆ ಸೇರಿದ ಮೇಲೂ ಈ ವಲಯದವರು ಅದನ್ನು ಪೂರ್ತಿ ಬಿಡಲಿಲ್ಲ. ಲಂಡನ್ನಿನ ದಿ ಟೇಪ್‌ವರ್ಮ್ 2009ರಿಂದ, ಇಂಗ್ಲೆಂಡಿನದೇ ಆದ ಓಪಲ್ ಟೇಪ್ಸ್ 2012ರಿಂದ ಟೇಪು ಹೊರತರಲು ಶುರು ಮಾಡಿದವು.

ನಾನು ಹೇಳಬೇಕೆಂದಿರುವುದು ಕೆಲಸದ ಬಗ್ಗೆ. ಆನ್‌ಲೈನಿಗೆ ಹಾಕಲು ಮಾಡಿದ ಮಾಸ್ಟರನ್ನು (ಅಂತಿಮ ಪ್ರತಿಯನ್ನು) ಹಾಗೇ ಟೇಪಿಗೆ ಸುರಿಯಬೇಡಿ. ಟೇಪಿಗೆ ಬೇರೆ ಮಿಕ್ಸ್, ಅಂದರೆ ವಾದ್ಯಗಳ ಸದ್ದನ್ನು ಬೇರೆ ಹದದಲ್ಲಿ ಬೆರೆಸಿದ್ದು ಬೇಕು.

ಯಾಕೆ ಅಂತ ನೋಡಿ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ 50 ಹರ್ಟ್ಸ್‌ನ ಕಿಕ್ (ದೊಡ್ಡ ಡ್ರಮ್ಮಿನ ಏಟು) ಟೇಪಿನ ಮೇಲೆ ಬರೆಯುವ ಒಂದೊಂದು ಅಲೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಉದ್ದ. ಅದೇ 10 ಕಿಲೋಹರ್ಟ್ಸ್‌ನ ಹೈ-ಹ್ಯಾಟ್ (ಜೋಡಿ ತಾಳದ ಸದ್ದು) ಅಲೆ 5 ಮೈಕ್ರಾನ್ ಕೂಡ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಜೋರು ಸದ್ದು ಹಿಡಿಯುವುದಿಲ್ಲ. ಲೆವೆಲ್ ಏರಿಸಿದಷ್ಟೂ ಮೇಲಿನ ಸ್ವರಗಳೇ ಮೊದಲು ಸೋಲುತ್ತವೆ. ಹೈ-ಹ್ಯಾಟ್ 'ಟ್ಸ್ ಟ್ಸ್' ಅನ್ನುವುದು ಬಿಟ್ಟು 'ಶ್ಶ್ ಶ್ಶ್' ಅನ್ನತೊಡಗುತ್ತದೆ. ಡೆಕ್ (ಕ್ಯಾಸೆಟ್ ರೆಕಾರ್ಡರ್) ಕಂಪನಿಗಳು 15 ಕಿಲೋಹರ್ಟ್ಸ್ ತನಕ ಸಿಗುತ್ತದೆ ಅಂತ ಬರೆದುಕೊಂಡಿದ್ದರೆ, ಆ ಲೆಕ್ಕ ಸಾಮಾನ್ಯವಾಗಿ ಮೈನಸ್ 20 ಡೆಸಿಬೆಲ್‌ನಲ್ಲಿ ತೆಗೆದದ್ದು. ಆ ಲೆವೆಲ್‌ನಲ್ಲಿ ಟೆಕ್ನೋ ಯಾರು ರೆಕಾರ್ಡ್ ಮಾಡುತ್ತಾರೆ?

ಹಾಗಾಗಿ ಹೈ-ಹ್ಯಾಟ್, ಸಿಂಬಲ್‌ಗಳ ಚಾನೆಲನ್ನು ಎರಡು-ಮೂರು ಡೆಸಿಬೆಲ್ ಇಳಿಸುತ್ತೇನೆ. ಮಿಕ್ಸ್ ಪೂರ್ತಿಗೆ 14 ಕಿಲೋಹರ್ಟ್ಸ್ ಸುಮಾರಿಗೆ ಮೆತ್ತಗೆ ಕತ್ತರಿ ಹಾಕುತ್ತೇನೆ. ಜೋರು ಸದ್ದನ್ನು ತಡೆದು ಹಿಡಿಯುವ ಲಿಮಿಟರ್ ತೆಗೆದುಬಿಡುತ್ತೇನೆ, ಆ ಕೆಲಸವನ್ನು ಟೇಪೇ ಮಾಡುತ್ತದೆ, ಅದೂ ಚೆಂದಾಗಿ. ಕಿಕ್ ಮತ್ತು ಬೇಸ್ ಮೀಟರಿನ ಸೂಜಿಯನ್ನು ಸೊನ್ನೆಯಿಂದ ಸ್ವಲ್ಪ ಮೇಲಕ್ಕೆ ತಳ್ಳಿದರೆ ಆ ಸದ್ದು ದುಂಡಗಾಗಿ, ದಪ್ಪವಾಗಿ ಬರುತ್ತದೆ. ಬೇಸ್ ಎಡಬಲಕ್ಕೆ ಎಷ್ಟು ಹರಡಿಕೊಂಡರೂ ಟೇಪಿಗೆ ತೊಂದರೆಯಿಲ್ಲ. ವಿನೈಲ್‌ನಲ್ಲಾದರೆ ಮುಳ್ಳು ಗೀರು ಬಿಟ್ಟು ಹಾರುತ್ತದೆ ಅಂತ ಅದನ್ನು ಮೋನೋ ಮಾಡಬೇಕಾಗುತ್ತದೆ. ಆದರೆ ಮೀಟರಿನ ಸೂಜಿಯನ್ನು ಪೂರ್ತಿ ನಂಬಬೇಡಿ. ಅದು ನಿಧಾನ. ಹೈ-ಹ್ಯಾಟ್ ಹೊಡೆದು ಹೋದ ಮೇಲೆ ಅದಕ್ಕೆ ಎಚ್ಚರ ಆಗುತ್ತದೆ. ಕಿವಿಯಲ್ಲೇ ತೀರ್ಮಾನ ಮಾಡಬೇಕು.

ಡ್ರೋನ್‌ಗೆ ಇರುವ ಕಷ್ಟವೇ ಬೇರೆ. ಒಂದೇ ಸ್ವರ ಅಲುಗಾಡದೆ ನಿಂತಿದ್ದರೆ ಮೋಟಾರಿನ ಪ್ರತಿ ತೊದಲೂ ಅದರಲ್ಲಿ ಕೇಳಿಸುತ್ತದೆ. ಗದ್ದಲದ ನಾಯ್ಸ್ ಸಂಗೀತದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹಿಸ್ (ಟೇಪಿನ ಸುಯ್ ಸದ್ದು) ಕೂಡ ಅದರೊಳಗೇ ಮುಚ್ಚಿಹೋಗುತ್ತದೆ. ಅಪ್ಪಟ ಸೈನ್ ಅಲೆಯ (ಒಂದೇ ಶುದ್ಧ ಸ್ವರದ) ಬದಲು ಸಿಂಥ್ ಒಳಗೆ ಸ್ವರ ಹುಟ್ಟಿಸುವ ಎರಡು ಆಸಿಲೇಟರನ್ನು ಕೂದಲೆಳೆಯಷ್ಟು ಬೇರೆ ಟ್ಯೂನ್ ಮಾಡಿ ಇಡುತ್ತೇನೆ. ಅವೆರಡೂ ತಾವಾಗಿಯೇ ಅಲೆಯುತ್ತಿರುವುದರಿಂದ ಟೇಪಿನ ಅಲೆತ ಬೇರೆಯಾಗಿ ಎದ್ದು ಕಾಣುವುದಿಲ್ಲ.

ಹಿಸ್ ತಗ್ಗಿಸುವ ಡಾಲ್ಬಿ ನಾನು ಹಾಕುವುದಿಲ್ಲ. ಈಗ ಹೊಸದಾಗಿ ಮಾರುವ ಕ್ಯಾಸೆಟ್ ಪ್ಲೇಯರ್‌ಗಳಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು. ಹಾಕಿ ರೆಕಾರ್ಡ್ ಮಾಡಿದ್ದನ್ನು ಡಾಲ್ಬಿ ಇಲ್ಲದೆ ಕೇಳಿದರೆ ಸುಮ್ನೆ ಕಿವಿಗೆ ಚುಚ್ಚುತ್ತದೆ.

ಖಾಲಿ ಕ್ಯಾಸೆಟ್ ಆರಿಸುವಾಗ ಸಿ-60ಕ್ಕಿಂತ (ಎರಡೂ ಸೈಡ್ ಸೇರಿ 60 ನಿಮಿಷ) ಉದ್ದದ್ದಕ್ಕೆ ಹೋಗುವುದಿಲ್ಲ. ಸಿ-90ರ ಟೇಪು ಸುಮಾರು 12 ಮೈಕ್ರಾನ್ ದಪ್ಪ, ಸಿ-60ರದ್ದು ಅದಕ್ಕಿಂತ ಜಾಸ್ತಿ. ತೆಳು ಟೇಪಿನಲ್ಲಿ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಳ್ಳುವುದು ಜಾಸ್ತಿ. ನಿಶ್ಶಬ್ದದ ನಂತರ ದಢಾರನೆ ಕಿಕ್ ಬರುವ ಹಾಡಿದ್ದರೆ, ಕಿಕ್ ಬರುವ ಮೊದಲೇ ಅದರ ನೆರಳು ಕೇಳಿಸುತ್ತದೆ. ಎರಡೂ ಸೈಡ್ ಒಂದೇ ಉದ್ದ ಇರುವಂತೆ ಹಾಡು ಹೊಂದಿಸುತ್ತೇನೆ, ಸ್ವಲ್ಪ ವ್ಯತ್ಯಾಸ ಉಳಿದರೆ ಚಿಕ್ಕ ಸೈಡು ಯಾವಾಗಲೂ ಬಿ. ಎ ಮುಗಿದ ಮೇಲೆ ಉಳಿದ ಖಾಲಿ ಟೇಪು ಓಡುವುದನ್ನು ಕಾಯುವ ತಾಳ್ಮೆ ಯಾರಿಗಿದೆ? ಶುರುವಿನಲ್ಲಿ ಲೀಡರ್ (ಸದ್ದು ಹಿಡಿಯದ ಮೊದಲ ತುಂಡು) ದಾಟುವ ತನಕ ಕೈಯಲ್ಲೇ ಸುತ್ತಿ, ಆಮೇಲೆ ರೆಕಾರ್ಡ್ ಒತ್ತುತ್ತೇನೆ. ಇಲ್ಲದಿದ್ದರೆ ಮೊದಲ ಐದಾರು ಸೆಕೆಂಡ್ ಹಾಡು ಗಾಳಿಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಟೇಪಿಗೆ ಬರೆಯುವ, ಓದುವ ಹೆಡ್ ಓರೆ ಇದ್ದರೆ ಏನೂ ಉಪಯೋಗವಿಲ್ಲ. ನಮ್ಮ ಡೆಕ್‌ನಲ್ಲಿ ರೆಕಾರ್ಡ್ ಮಾಡಿ ಅದರಲ್ಲೇ ಕೇಳಿದರೆ ಓರೆ ಗೊತ್ತಾಗುವುದೇ ಇಲ್ಲ, ಬರೆದದ್ದೂ ಓದುವುದೂ ಒಂದೇ ಓರೆಯಲ್ಲಿ ತಾನೇ? ಬೇರೆಯವರ ಪ್ಲೇಯರ್‌ಗೆ ಹಾಕಿದಾಗ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಅದಕ್ಕೆ ರೆಕಾರ್ಡಿಂಗಿಗೆ ಕೂರುವ ಮೊದಲು ಹೆಡ್, ಟೇಪು ಎಳೆಯುವ ಕ್ಯಾಪ್‌ಸ್ಟನ್ ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸುತ್ತೇನೆ. ಆಮೇಲೆ 10 ಕಿಲೋಹರ್ಟ್ಸ್ ಸದ್ದಿರುವ ಟೆಸ್ಟ್ ಟೇಪ್ ಹಾಕಿ, ಎಡಬಲ ಎರಡನ್ನೂ ಸೇರಿಸಿ ಮೋನೋದಲ್ಲಿ ಕೇಳುತ್ತಾ ಹೆಡ್ ಪಕ್ಕದ ಚಿಕ್ಕ ಸ್ಕ್ರೂ ತಿರುಗಿಸುತ್ತೇನೆ. ಕಾಲು ಸುತ್ತು ಕೂಡ ಬೇಡ, ಸ್ಕ್ರೂಡ್ರೈವರ್ ಮುಟ್ಟಿಸಿದಷ್ಟಕ್ಕೇ ಸದ್ದು ಬದಲಾಗುತ್ತದೆ. ಅತ್ತ ತಿರುಗಿಸಿದರೆ ಮಂಕು, ಇತ್ತ ತಿರುಗಿಸಿದರೂ ಮಂಕು, ನಡುವೆ ಒಂದು ಕಡೆ ಸದ್ದು ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಬೇಕು.

ಕಾಪಿ ಮಾಡುವುದು ಮಾಮೂಲಿ ವೇಗದಲ್ಲೇ. ಡಬಲ್ ಡೆಕ್‌ನ ಹೈ-ಸ್ಪೀಡ್ ಬಟನ್ ಒತ್ತಿದರೆ 10 ಕಿಲೋಹರ್ಟ್ಸ್ ಇದ್ದದ್ದು ಆ ಹೊತ್ತಿಗೆ 20 ಆಗುತ್ತದೆ, ಮೊದಲೇ ಒದ್ದಾಡುವ ಹೆಡ್ಡಿಗೆ ಇನ್ನಷ್ಟು ಕಷ್ಟ. ಅದೂ ಅಲ್ಲದೆ ಟೇಪಿನಿಂದ ಟೇಪಿಗೆ ಹೋದ ಕಾಪಿಯಲ್ಲಿ ಹಿಸ್ ಎರಡು ಪದರ ಕೂರುತ್ತದೆ. ಪ್ರತಿಯೊಂದನ್ನೂ ಕಂಪ್ಯೂಟರಿನಿಂದಲೇ ನೇರ ಕೊಡುತ್ತೇನೆ. ಸಮಯ ಹಿಡಿಯುತ್ತದೆ, ನಿಜ. ಆ ಹೊತ್ತಿನಲ್ಲಿ ಜೆ-ಕಾರ್ಡ್ (ಡಬ್ಬಿಯೊಳಗಿನ ಕಾಗದದ ಹೊದಿಕೆ) ಮಡಚುವುದು, ಲೇಬಲ್ ಅಂಟಿಸುವುದು ಮುಗಿಯುತ್ತದೆ. ಕಾಪಿ ಆದ ಮೇಲೆ ಪ್ರತಿ ಟೇಪಿನ ಶುರು, ನಡು, ಕೊನೆ ಬೇರೆ ಒಂದು ಅಗ್ಗದ ಪ್ಲೇಯರ್‌ನಲ್ಲಿ ಕೇಳುತ್ತೇನೆ. ತಗೊಳ್ಳುವವರಲ್ಲಿ ತುಂಬಾ ಜನರ ಹತ್ತಿರ ಇರುವುದು ಅಂಥದ್ದೇ.

ಕೊನೆಗೆ ಬೆನ್ನಿನ ಎರಡು ಪುಟ್ಟ ಟ್ಯಾಬ್ ಮುರಿಯುತ್ತೇನೆ, ಯಾರೂ ಕೈತಪ್ಪಿ ಅಳಿಸಬಾರದು ಅಂತ. ಕೆಲವು ಗೆಳೆಯರು ಬೇಕಂತಲೇ ಮುರಿಯದೆ ಬಿಡುತ್ತಾರೆ, ಹಿಡಿಸದಿದ್ದರೆ ಮೇಲೆ ಬೇರೆ ಏನಾದರೂ ತುಂಬಿಕೊಳ್ಳಲಿ ಅಂತ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅಳಿಸಲೇಬೇಕು ಅನ್ನುವವರು ಆ ತೂತಿಗೆ ಒಂದು ತುಂಡು ಅಂಟುಪಟ್ಟಿ ಹಚ್ಚಿಕೊಳ್ಳಲಿ.