260 ಪಂದ್ಯದ ಲೆಕ್ಕ: ಇಸಿಎಚ್‌ಎಲ್‌ನಲ್ಲಿ ನನ್ನ ಐದು ಸೀಸನ್

ಪ್ರತಿ ಏಪ್ರಿಲ್‌ನಲ್ಲಿ ಐಸ್ ಹಾಕಿ ಸೀಸನ್ ಮುಗಿಸಿ ಬ್ರ್ಯಾಂಪ್ಟನ್‌ನ ಮನೆಗೆ ಬಂದಾಗ ಅಪ್ಪ ಒಂದೇ ಮಾತು ಕೇಳುತ್ತಿದ್ದರು. "ಈ ಸಲನಾದ್ರೂ ಪರ್ಮನೆಂಟ್ ಆಯ್ತೇನೋ?" ಹಾಸನದಿಂದ ಕೆನಡಾಕ್ಕೆ ಬಂದು, ಸಿಕ್ಕ ಕೆಲಸ ಮಾಡಿ ನೆಲೆ ಕಂಡವರು. ಅವರು ಕೇಳುವುದು ಸಹಜ. ನಾನು "ಇಲ್ಲಪ್ಪ" ಅನ್ನುತ್ತಿದ್ದೆ. ನಮ್ಮ ಲೀಗಿನಲ್ಲಿ ಪರ್ಮನೆಂಟ್ ಅನ್ನುವುದೇ ಇಲ್ಲ.

ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಎಲ್ಲರಿಗೂ ಗೊತ್ತಿರುವುದು ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗ್. ಅದರ ಕೆಳಗಿನ ಮೆಟ್ಟಿಲು ಎಎಚ್‌ಎಲ್, ಅದಕ್ಕೂ ಕೆಳಗಿನದು ಇಸಿಎಚ್‌ಎಲ್. ಇದು 1988ರಲ್ಲಿ ಶುರುವಾದ ಲೀಗ್. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 72 ಪಂದ್ಯ. ಲಾಸ್ ಏಂಜಲೀಸ್ ಕಿಂಗ್ಸ್‌ನ ಗೋಲ್‌ಕೀಪರ್ ಆಗಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದ ಜೊನಾಥನ್ ಕ್ವಿಕ್ ಒಂದು ಕಾಲದಲ್ಲಿ ಇಲ್ಲಿ ರೆಡಿಂಗ್ ರಾಯಲ್ಸ್‌ಗೆ ಆಡಿದವರು. ಹಾಗಾಗಿ ಇಲ್ಲಿ ಎಲ್ಲರ ಕಣ್ಣೂ ಮೇಲಿನ ಮೆಟ್ಟಿಲ ಮೇಲೆಯೇ. ನನ್ನದೂ ಅಷ್ಟೇ.

ನಾನು ಡಿಫೆನ್ಸ್ ಆಟಗಾರ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಡಿಗ್ರಿ ಮುಗಿಸಿ, 2015ರಲ್ಲಿ ಇಲ್ಲಿಗೆ ಬಂದೆ. ಆಗ ಸಂಬಳ ವಾರಕ್ಕೆ 500 ಡಾಲರ್ ಆಸುಪಾಸು, ಅದೂ ಸೀಸನ್ ಇರುವಷ್ಟು ದಿನ ಮಾತ್ರ. ಮನೆ ತಂಡವೇ ಕೊಡುತ್ತದೆ, ಇಬ್ಬರೋ ಮೂವರೋ ಸೇರಿ ಇರಬೇಕು. ಬಾಡಿಗೆ ಇಲ್ಲದ್ದರಿಂದ ಬದುಕಬಹುದು. ಬೇಸಿಗೆಯಲ್ಲಿ ಮಕ್ಕಳ ಹಾಕಿ ಶಿಬಿರದಲ್ಲಿ ಕಲಿಸಿ ಉಳಿದ ಖರ್ಚು ತೂಗಿಸುತ್ತಿದ್ದೆ. ಅಮ್ಮ ಕಳಿಸುತ್ತಿದ್ದ ಸಾರಿನ ಪುಡಿ ಇತ್ತು, ರೈಸ್ ಕುಕ್ಕರ್ ಇತ್ತು. ಹೊರಗೆ ತಿನ್ನುವ ದುಡ್ಡು ಎಷ್ಟೋ ಉಳಿಯಿತು.

ಕಷ್ಟ ಇದ್ದದ್ದು ವಾರಾಂತ್ಯದಲ್ಲಿ. ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನಕ್ಕೆ ಮೂರು ಪಂದ್ಯ. ರಾತ್ರಿ ಹತ್ತಕ್ಕೆ ಆಟ ಮುಗಿದರೆ ಹನ್ನೊಂದಕ್ಕೆ ಬಸ್ ಹೊರಡುತ್ತದೆ. ಮಲಗುವ ಬಸ್ಸೇ, ಆದರೆ ಹೊಸಬರಿಗೆ ಒಳ್ಳೆಯ ಜಾಗ ಸಿಗುವುದಿಲ್ಲ. ಮೊದಲ ವರ್ಷ ನಿದ್ದೆಯನ್ನು ಲಘುವಾಗಿ ತಗೊಂಡೆ. ಭಾನುವಾರದ ಪಂದ್ಯದ ಮೂರನೇ, ಅಂದರೆ ಕೊನೆಯ, ಪೀರಿಯಡ್‌ನಲ್ಲಿ ಕಾಲು ಏಳುತ್ತಿರಲಿಲ್ಲ. ಎದುರಾಳಿ ನನ್ನ ಪಕ್ಕದಲ್ಲೇ ಹಾದು ಹೋಗುವುದನ್ನು ನೋಡುತ್ತಾ ನಿಂತಿರುತ್ತಿದ್ದೆ. ಎರಡನೇ ವರ್ಷದಿಂದ ಬಸ್ ಹತ್ತಿದ ತಕ್ಷಣ ಊಟ, ನೀರು, ಆಮೇಲೆ ಫೋನ್ ಬಂದ್. ಐಸ್ ಮೇಲೆ ಒಂದು ಶಿಫ್ಟನ್ನು, ಅಂದರೆ ಒಂದು ಸರದಿಯನ್ನು, 40-45 ಸೆಕೆಂಡಿಗೆ ಮುಗಿಸಿ ಬೆಂಚಿಗೆ ಬರುವುದನ್ನೂ ಕಟ್ಟುನಿಟ್ಟಾಗಿ ರೂಢಿಸಿಕೊಂಡೆ. ಇನ್ನೊಂದು ಹತ್ತು ಸೆಕೆಂಡ್ ನಿಲ್ಲೋಣ ಅನ್ನಿಸುತ್ತದೆ. ನಿಲ್ಲಬಾರದು, ಆ ಹತ್ತು ಸೆಕೆಂಡಿನಲ್ಲೇ ಗೋಲ್ ಬೀಳುವುದು.

ನನ್ನ ಕೈಯಲ್ಲಿ ಗೋಲ್ ಹೊಡೆಯುವ ವರ ಇರಲಿಲ್ಲ. ಅದು ಬೇಗ ಗೊತ್ತಾಯಿತು. ಹಾಗಾಗಿ ನಮ್ಮವರೊಬ್ಬರು ತಪ್ಪಿಗೆ ಶಿಕ್ಷೆಯಾಗಿ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತಿರುವಾಗ ಎದುರಾಳಿಯನ್ನು ತಡೆಯುವ ಕೆಲಸವನ್ನೇ ನನ್ನದು ಮಾಡಿಕೊಂಡೆ. ಗೋಲಿನ ಕಡೆ ಬರುವ ಹೊಡೆತಕ್ಕೆ ಮೈ ಅಡ್ಡ ಕೊಡುವುದು, ಪಕ್ (ಆಡುವ ರಬ್ಬರ್ ಬಿಲ್ಲೆ) ಸಿಕ್ಕ ಕೂಡಲೇ ಮೊದಲ ಪಾಸನ್ನು ಸರಿಯಾಗಿ ಕೊಡುವುದು. ಕೋಚ್‌ಗೆ ಇವೆರಡರಲ್ಲಿ ನಂಬಿಕೆ ಬಂದರೆ ಜಾಗ ಉಳಿಯುತ್ತದೆ.

ಉಳಿಯುತ್ತದೆ ಅಂದರೂ ಗ್ಯಾರಂಟಿ ಅಲ್ಲ. ಎರಡನೇ ಸೀಸನ್ನಿನ ನಡುವೆ ನನ್ನನ್ನು ಬೇರೆ ತಂಡಕ್ಕೆ ಕೊಟ್ಟರು. ಬದಲಿಗೆ ನನ್ನನ್ನು ಕೊಟ್ಟ ತಂಡಕ್ಕೆ ಸಿಕ್ಕಿದ್ದು 'ಫ್ಯೂಚರ್ ಕನ್ಸಿಡರೇಷನ್ಸ್'. ಅಂದರೆ ಈಗ ಏನೂ ಬೇಡ, ಮುಂದೆ ನೋಡಿಕೊಳ್ಳೋಣ ಅಂತ. ತುಂಬಾ ನೋವಾಯಿತು. ಮರುದಿನ ಹೊಸ ಊರಿನಲ್ಲಿ ಪಂದ್ಯ ಇತ್ತು, ಹೋಗಿ ಆಡಿದೆ.

ಈಗ ಲೆಕ್ಕದ ವಿಷಯ. ಇಸಿಎಚ್‌ಎಲ್‌ನಲ್ಲಿ ಒಂದು ನಿಯಮ ಇದೆ. ಸೀಸನ್ ಶುರುವಾಗುವ ಹೊತ್ತಿಗೆ 260 ವೃತ್ತಿಪರ ಪಂದ್ಯ ಆಡಿ ಮುಗಿಸಿದವನು 'ವೆಟರನ್'. ಒಂದು ತಂಡದಲ್ಲಿ ಅಂಥವರು ನಾಲ್ಕೇ ಜನ ಇರಬಹುದು. ಗೋಲ್‌ಕೀಪರ್‌ಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಎಳೆಯರಿಗೆ ಜಾಗ ಸಿಗಲಿ ಅಂತ ಮಾಡಿದ್ದು. ಒಳ್ಳೆಯ ನಿಯಮವೇ, ಮೊದಲ ವರ್ಷ ನನಗೂ ಜಾಗ ಸಿಕ್ಕಿದ್ದು ಅದರಿಂದಲೇ ಇರಬೇಕು. ಆದರೆ ಆ ನಾಲ್ಕು ಜಾಗ ಹೆಚ್ಚಾಗಿ ಗೋಲ್ ಹೊಡೆಯುವವರಿಗೆ ಹೋಗುತ್ತವೆ. ನನ್ನಂಥ ಡಿಫೆನ್ಸ್‌ನವನಿಗೆ 260 ಅಂದರೆ ಬಾಗಿಲು ಮುಚ್ಚಿದ ಹಾಗೆ.

ಮೊದಲ ಸೀಸನ್ 61 ಪಂದ್ಯ, ಎರಡನೆಯದು 70. ಮೂರನೆಯದರಲ್ಲಿ, ಡಿಸೆಂಬರ್ ತಿಂಗಳು, ಒಂದು ಹೊಡೆತಕ್ಕೆ ಅಡ್ಡ ಬಿದ್ದು ಎಡಗೈ ಮೂಳೆ ಮುರಿಯಿತು. 19 ಪಂದ್ಯ ಹೋಯಿತು, ಆಡಿದ್ದು 53. ಗ್ಯಾಲರಿಯಲ್ಲಿ ಕೂತು ನಮ್ಮ ತಂಡ ಸೋಲುವುದನ್ನು ನೋಡುವಾಗ ಇಷ್ಟು ವರ್ಷದ ಶ್ರಮ ಮಣ್ಣಾಯಿತು ಅನ್ನಿಸಿತ್ತು. ನಾಲ್ಕನೆಯದು 69. ಅದರಲ್ಲಿ ನಾಲ್ಕು ಎಎಚ್‌ಎಲ್‌ನಲ್ಲಿ. ಮೇಲಿನ ತಂಡದಲ್ಲಿ ಇಬ್ಬರಿಗೆ ಗಾಯ ಆಗಿ ತಾತ್ಕಾಲಿಕ ಟ್ರೈಔಟ್ ಒಪ್ಪಂದದ ಮೇಲೆ ನನ್ನನ್ನು ಕರೆಸಿದ್ದರು. ಅಲ್ಲಿ ಪಕ್ ಎಷ್ಟು ಬೇಗ ಓಡುತ್ತದೆ ಅಂದರೆ, ಪಾಸ್ ಸಿಗುವ ಮೊದಲೇ ಮುಂದಿನದನ್ನು ಯೋಚಿಸಿರಬೇಕು. ಎಂಟು ದಿನ. ಜೀವನದಲ್ಲಿ ಅಷ್ಟು ಗಮನ ಕೊಟ್ಟು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಎಲ್ಲ ಕೂಡಿದರೆ 253. ಅಂದರೆ ಐದನೇ ಸೀಸನ್ ಶುರುವಾಗುವಾಗ ನಾನಿನ್ನೂ ವೆಟರನ್ ಅಲ್ಲ! ಕೈ ಮುರಿಯದೆ ಆ 19 ಪಂದ್ಯವನ್ನೂ ಆಡಿದ್ದರೆ 272 ಆಗುತ್ತಿತ್ತು, 2019ರಲ್ಲೇ ಮನೆಗೆ ಬಂದಿರುತ್ತಿದ್ದೆ. ಅಡುಗೆಮನೆ ಟೇಬಲ್ ಮೇಲೆ ಪೆನ್ನು ಹಿಡಿದು ಅಪ್ಪನಿಗೆ ಇದನ್ನು ಕೂಡಿ ತೋರಿಸಿದೆ. ಅವರು ಎರಡು ಸಲ ಕೂಡಿ ನೋಡಿ, "ಸರಿ, ಇನ್ನೊಂದು ವರ್ಷ ಹೋಗ್ಬಾ" ಅಂದರು.

ಆ ವರ್ಷ ನಾನು ಚೆನ್ನಾಗಿ ಆಡಿದೆ. 58 ಪಂದ್ಯ ಆಗಿತ್ತು. 2020ರ ಮಾರ್ಚ್ 14ರಂದು, ಕೊರೊನಾ ಕಾರಣಕ್ಕೆ, ಲೀಗ್ ಉಳಿದ ಸೀಸನ್ನನ್ನೇ ರದ್ದು ಮಾಡಿತು. ಲಾಕರ್ ಖಾಲಿ ಮಾಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮುಂದಿನ ಸೀಸನ್ನಿಗೆ ಎಷ್ಟೋ ತಂಡಗಳು ಆಡಲೇ ಇಲ್ಲ. ನನ್ನ ಲೆಕ್ಕ 311ಕ್ಕೆ ನಿಂತಿತ್ತು.

2021ರ ಜನವರಿಯಲ್ಲಿ ಒಬ್ಬ ಕೋಚ್ ಫೋನ್ ಮಾಡಿದರು. ಅವರ ನಾಲ್ವರು ವೆಟರನ್‌ಗಳಲ್ಲಿ ಒಬ್ಬನಿಗೆ ಮಂಡಿ ನೋವು. ಅವನು ವಾಸಿ ಆಗುವವರೆಗೆ ಬರುತ್ತೀಯಾ ಅಂದರು. ಎಷ್ಟು ವಾರ ಅಂತ ಕೇಳಿದೆ. ಎರಡೋ ಮೂರೋ ಅಂದರು. ಎರಡು ದಿನ ಯೋಚಿಸಿ, ಧನ್ಯವಾದ ಹೇಳಿ, ಬರುವುದಿಲ್ಲ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರು ಕರೆಯಬೇಕೆಂದಿದ್ದವರ ಪಟ್ಟಿಯಲ್ಲಿ ನನ್ನ ಕೆಳಗಿದ್ದ ಹುಡುಗ ಯಾರು ಅಂತ ಕೇಳಿದೆ, ಅವನು ನನ್ನ ಹಳೆಯ ರೂಮ್‌ಮೇಟ್. ನಾನೇ ಅವನ ನಂಬರ್ ಹುಡುಕಿ ಕೊಟ್ಟೆ.