ಐದು ಜನ, ಮೂರು ದಿನ, ಬೆಂಗಳೂರು: ಓಡಾಟದ ಖರ್ಚಿನ ನನ್ನ ಲೆಕ್ಕ

"ಫ್ರೀ ಬಸ್ ಬಿಟ್ಟು ದುಡ್ಡು ಕೊಟ್ಟು ರೈಲಿಗೆ ಹೋಗ್ತೀವಾ?" ಅಂತ ನಮ್ಮತ್ತೆ ಕೇಳಿದ್ದು ತುಮಕೂರು ರೈಲ್ವೆ ಸ್ಟೇಷನ್ ಮೆಟ್ಟಿಲ ಮೇಲೆ. ಅವರ ಕೈಯಲ್ಲಿ ತಟ್ಟೆ ಇಡ್ಲಿ ಡಬ್ಬಿ ಇತ್ತು, ಮುಖದಲ್ಲಿ ಸೊಸೆ ಕೆಟ್ಟಳು ಅನ್ನುವ ಭಾವ.

2025ರ ದಸರಾ ರಜೆಯ ಒಂದು ಶುಕ್ರವಾರ. ನಾನು, ನಮ್ಮನೆಯವರು, ಅತ್ತೆ, 11 ವರ್ಷದ ಮಗ, 8 ವರ್ಷದ ಮಗಳು. ಬೆಂಗಳೂರಲ್ಲಿ ಮೂರು ದಿನ ಸುತ್ತಾಡಿ ಬರೋಣ ಅಂತ ಹೊರಟಿದ್ದೆವು. ಹಿಂದಿನ ಸಲ ಹೋದಾಗ ಊಟಕ್ಕಿಂತ ಆಟೋಗೆ ಜಾಸ್ತಿ ಖರ್ಚಾಗಿತ್ತು. ಈ ಸಲ ಹಾಗಾಗಬಾರದು ಅಂತ ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಮೊದಲೇ ಲೆಕ್ಕ ಹಾಕಿಟ್ಟಿದ್ದೆ.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಬಸ್ ಅಂದರೆ ಫ್ರೀ ಅನ್ನುವ ಹಾಗಾಗಿದೆ. ಆದರೆ ಅದು ಮೂರು ಜನಕ್ಕೆ ಮಾತ್ರ. ನಮ್ಮನೆಯವರಿಗೆ ಪೂರ್ತಿ ಟಿಕೆಟ್, ಮಗನಿಗೆ ಅರ್ಧ. ತುಮಕೂರಿಂದ ಮೆಜೆಸ್ಟಿಕ್‌ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇವರಿಬ್ಬರದೇ ನೂರು ದಾಟುತ್ತದೆ. ಪ್ಯಾಸೆಂಜರ್ ರೈಲಿನಲ್ಲಿ ದೊಡ್ಡವರಿಗೆ ತಲೆಗೆ ಇಪ್ಪತ್ತು ರೂಪಾಯಿ ಆಸುಪಾಸು. 5ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ಐದೂ ಜನ ದುಡ್ಡು ಕೊಟ್ಟು ಕೂತರೂ ಬಸ್ಸಿಗಿಂತ ಕಡಿಮೆಯೇ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದ್ದರಿಂದ ಅತ್ತೆಗೂ ಪೂರ್ತಿ ಟಿಕೆಟ್. ಆದರೂ ಲೆಕ್ಕ ಬದಲಾಗಲಿಲ್ಲ.

ಒಂದು ಮಾತು. ಪ್ಯಾಸೆಂಜರ್ ಟಿಕೆಟ್ ತಗೊಂಡು ಎಕ್ಸ್‌ಪ್ರೆಸ್ ರೈಲು ಹತ್ತಿದರೆ ದಂಡ ಬೀಳುತ್ತದೆ. ಪ್ಲಾಟ್‌ಫಾರಂಗೆ ಮೊದಲು ಬಂದದ್ದಕ್ಕೆ ನುಗ್ಗುವ ಹಾಗಿಲ್ಲ.

ಡಾಬಸ್‌ಪೇಟೆ ದಾಟುವಾಗ ಶಿವಗಂಗೆ ಬೆಟ್ಟ ಕಂಡಿತು. ಅತ್ತೆ ಕೂತಲ್ಲೇ ಕೈ ಮುಗಿದರು. ಇಡ್ಲಿ ಡಬ್ಬಿ ಬಿಚ್ಚಿದ ಮೇಲೆ ರೈಲಿನ ಬಗ್ಗೆ ದೂರು ಬರಲಿಲ್ಲ.

ಲಾಡ್ಜ್ ಮಾಡಿದ್ದು ಗಾಂಧಿನಗರದಲ್ಲಿ, ಮೆಜೆಸ್ಟಿಕ್‌ನಿಂದ ನಡೆದು ಹೋಗುವ ದೂರ. ಬೇರೆ ಬಡಾವಣೆಯಲ್ಲಿ ಇನ್ನೂ ಅಗ್ಗದ ರೂಮಿತ್ತು. ಆದರೆ ಅಲ್ಲಿಂದ ದಿನಾ ಎರಡೆರಡು ಬಸ್ ಬದಲಿಸಬೇಕು, ರಾತ್ರಿ ಸುಸ್ತಾದಾಗ ಆಟೋನೇ ಗತಿ. ಮೆಜೆಸ್ಟಿಕ್ ಆದರೆ ಬಸ್, ಮೆಟ್ರೋ, ರೈಲು ಮೂರೂ ಕಾಲ ಬುಡದಲ್ಲಿ. ಗಲಾಟೆ ಜಾಸ್ತಿ, ಅದು ನಿಜ.

ಮೊದಲ ದಿನವೇ ಎಡವಿದೆವು. ಕಬ್ಬನ್ ಪಾರ್ಕ್ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಅಂತ ಬಿಎಂಟಿಸಿ ಬಸ್ ಹತ್ತಿದ ಮೇಲೆ ನೋಡಿದರೆ ಅತ್ತೆಯ ಆಧಾರ್ ಲಾಡ್ಜ್‌ನ ಬ್ಯಾಗಿನಲ್ಲಿ! ಗುರುತಿನ ಚೀಟಿ ಇಲ್ಲದೆ ಸೊನ್ನೆ ಟಿಕೆಟ್ ಇಲ್ಲ, ದುಡ್ಡು ಕೊಟ್ಟೆವು. ಅವತ್ತು ಸಂಜೆಯೇ ಅವರ ಆಧಾರನ್ನು ಫೋನಿನ ಡಿಜಿಲಾಕರ್‌ಗೆ ಹಾಕಿದೆ. ಅದರಲ್ಲಿ ಕರ್ನಾಟಕದ ವಿಳಾಸ ಇರಬೇಕು ಅನ್ನುವುದೂ ನೆನಪಿರಲಿ. ಮಡಕಶಿರಾಕ್ಕೆ ಮದುವೆಯಾಗಿ ಹೋದ ನನ್ನ ನಾದಿನಿ ಈ ಸಲ ಜೊತೆಗೆ ಬಂದಿದ್ದರೆ ಅವಳಿಗೆ ಟಿಕೆಟ್ ತೆಗೆಯಲೇಬೇಕಿತ್ತು. ತವರು ತುಮಕೂರಾದರೇನು, ಕಾರ್ಡಿನಲ್ಲಿರುವುದು ಆಂಧ್ರ.

ಇನ್ನು ದಿನದ ಪಾಸ್ ವಿಷಯ. ನಮ್ಮನೆಯವರಿಗೆ ಪಾಸ್ ಅಂದರೆ ಪ್ರಾಣ. ಕಾಲೇಜು ದಿನಗಳ ಅಭ್ಯಾಸ. ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸ್ 2025ರ ಜನವರಿಯಲ್ಲಿ 70ರಿಂದ 80 ರೂಪಾಯಿ ಆಗಿದೆ. ಶುಕ್ರವಾರವೇ ತಗೋತೀನಿ ಅಂದರು, ನಾನು ಬೇಡ ಅಂದೆ. ಮ್ಯೂಸಿಯಂ, ಪಾರ್ಕು, ವಿಧಾನಸೌಧ ಎಲ್ಲ ಒಂದೇ ಕಡೆ, ನಡೆದೇ ನೋಡುವುದು. ಹೋಗಿ ಬರುವ ಎರಡು ಸಣ್ಣ ಟಿಕೆಟ್‌ಗೆ 80 ರೂಪಾಯಿ ಯಾಕೆ? ಮಗನಿಗಂತೂ ಪಾಸ್ ಮಾತೇ ಇಲ್ಲ, ಅವನ ಅರ್ಧ ಟಿಕೆಟ್ಟೇ ಅಗ್ಗ.

ಪಾಸ್ ಇಟ್ಟುಕೊಂಡಿದ್ದು ಶನಿವಾರಕ್ಕೆ. ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟಕ್ಕೆ 365 ನಂಬರ್ ಬಸ್. ಒಂದು ಕಡೆಗೆ ಮೂವತ್ತರ ಹತ್ತಿರ. ಹೋಗಿ ಬಂದು, ಸಂಜೆ ವಿಜಯನಗರದ ಚಿಕ್ಕಪ್ಪನ ಮನೆಗೂ ಹೋಗಿ ಬಂದರೆ 80 ದಾಟುತ್ತದೆ, ಪಾಸೇ ಲಾಭ. ಲೆಕ್ಕ ಸರಿಯಾಗಿಯೇ ಇತ್ತು. ಕೆಟ್ಟಿದ್ದು ನಮ್ಮ ಆತುರದಿಂದ.

ಬಸ್ ಬಂತು, 365 ಕಂಡಿತು, ಜನ ನುಗ್ಗಿದರು, ನಾವೂ ನುಗ್ಗಿದೆವು. ಐದು ಜನಕ್ಕೂ ಸೀಟು. ಒಳಗೆ ತಣ್ಣಗಿದೆ ಅನ್ನಿಸಿದಾಗಲೇ ನನಗೆ ಹೊಳೆಯಬೇಕಿತ್ತು. ನಂಬರ್ ಮುಂದೆ 'ವಿ' ಇತ್ತು, ಅದು ಎಸಿ ವಜ್ರ ಬಸ್. ಎಸಿ ಬಸ್ಸಿನಲ್ಲಿ ಶಕ್ತಿ ಇಲ್ಲ, ಸಾಮಾನ್ಯ ಪಾಸೂ ನಡೆಯುವುದಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿಯೋಣ ಅಂದರೆ ಅತ್ತೆ ಕಿಟಕಿ ಪಕ್ಕದಿಂದ ಏಳಲೇ ಇಲ್ಲ. "ಸಿಕ್ಕ ಸೀಟು ಬಿಟ್ಟು ಯಾರಾದರೂ ಇಳೀತಾರಾ, ಸುಮ್ನೆ ಕೂತ್ಕೋ" ಅಂದರು. ಎಲ್ಲರಿಗೂ ಟಿಕೆಟ್ ತೆಗೆದೆವು. ರೈಲಿನಲ್ಲಿ ಉಳಿಸಿದ್ದು ಅಲ್ಲೇ ಹೋಯಿತು, ಮೇಲೆ ಕೈಯಿಂದಲೂ ಹೋಯಿತು. ಅತ್ತೆ ಮಾತ್ರ ಹಾಯಾಗಿ ನಿದ್ದೆ ಮಾಡಿದರು.

ವಾಪಸ್ ಬರುವಾಗ ಎರಡು ಎಸಿ ಬಸ್ ಬಿಟ್ಟು ಸಾಮಾನ್ಯ ಬಸ್ಸಿಗೆ ಕಾದೆವು. ಇನ್ನು ಉಳಿದಿದ್ದು ಬರುವ ಒಂದು ಪ್ರಯಾಣ, ಸಂಜೆಯ ಎರಡು. ಕೂಡಿಸಿದರೆ 80 ಆಗುವುದಿಲ್ಲ. ಹಾಗಾಗಿ ಅವತ್ತೂ ಪಾಸ್ ತಗೊಳ್ಳಲಿಲ್ಲ. ನಮ್ಮನೆಯವರ ಮುಖ ನೋಡಬೇಕಿತ್ತು.

ಮೆಟ್ರೋನ ನಾನು ಬೇಕೆಂದೇ ಭಾನುವಾರಕ್ಕೆ ಇಟ್ಟಿದ್ದೆ. ಅತ್ತೆ ಮೆಟ್ರೋ ನೋಡಿರಲಿಲ್ಲ, ಅವರಿಗೆ ತೋರಿಸಲೇಬೇಕಿತ್ತು. ಆದರೆ ಕುಟುಂಬದ ಜೊತೆ ಹೋದರೆ ಮೆಟ್ರೋ ಜೇಬಿಗೆ ಭಾರ. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ 90 ರೂಪಾಯಿ ಆಗಿದೆ. ಹೆಂಗಸರಿಗೆ ಫ್ರೀ ಇಲ್ಲ, ಮಕ್ಕಳಿಗೆ ಅರ್ಧ ಟಿಕೆಟ್ಟೂ ಇಲ್ಲ. ಅಲ್ಲಿ ವಯಸ್ಸಲ್ಲ, ಎತ್ತರ ನೋಡುತ್ತಾರೆ. ಮೂರು ಅಡಿಗಿಂತ ಕುಳ್ಳಗಿರುವ ಮಗುವಿಗೆ ಮಾತ್ರ ಉಚಿತ. ಒಂದೇ ಮಗಳು ಬಸ್ಸಿನಲ್ಲಿ ಸೊನ್ನೆ, ರೈಲಿನಲ್ಲಿ ಅರ್ಧ, ಮೆಟ್ರೋದಲ್ಲಿ ಪೂರ್ತಿ. ಅವಳಿಗಿದು ಬಲೇ ಖುಷಿ, "ನಾನು ಮೆಟ್ರೋಲಿ ದೊಡ್ಡವಳು" ಅಂತ ಅಣ್ಣನ ಮುಂದೆ ಕುಣಿದಳು.

ಸ್ಮಾರ್ಟ್ ಕಾರ್ಡ್ ಇದ್ದರೆ ಯಾವಾಗಲೂ 5 ಪರ್ಸೆಂಟ್ ಕಡಿಮೆ, ಭಾನುವಾರ ಇಡೀ ದಿನ 10 ಪರ್ಸೆಂಟ್. ಹಾಗಂತ ಐದು ಕಾರ್ಡ್ ಮಾಡಿಸುವುದು ದಡ್ಡತನ. ಕಾರ್ಡಿಗೇ 50 ರೂಪಾಯಿ, ಮೇಲೆ ಒಳಗೆ ಹೋಗಲು ಕನಿಷ್ಠ 90 ರೂಪಾಯಿ ಬ್ಯಾಲೆನ್ಸ್ ಇರಬೇಕು. ವರ್ಷಕ್ಕೆ ಒಂದು ಸಲ ಹೋಗುವವರಿಗೆ ಅದು ಗಿಟ್ಟುವುದಿಲ್ಲ. ಕೆಲಸದ ಮೇಲೆ ಬಂದು ಹೋಗುವ ನಮ್ಮನೆಯವರ ಹತ್ತಿರ ಒಂದು ಕಾರ್ಡ್ ಇತ್ತು. ಅದೇ ಕಾರ್ಡ್ ಐದು ಸಲ ಒತ್ತಿ ಎಲ್ಲರನ್ನೂ ಒಳಗೆ ಬಿಡಬಹುದು ಅಂದುಕೊಂಡಿದ್ದರು ಪಾಪ. ಎರಡನೇ ಸಲಕ್ಕೆ ಗೇಟು ತೆರೆಯಲಿಲ್ಲ. ಒಂದು ಕಾರ್ಡಿಗೆ ಒಬ್ಬರೇ. ಉಳಿದ ನಾಲ್ವರಿಗೆ ಫೋನಿನಲ್ಲಿ ಒಂದೇ ಕ್ಯೂಆರ್ ಟಿಕೆಟ್ ತಗೊಂಡೆ, ಅದರಲ್ಲಿ ಆರು ಜನರವರೆಗೆ ಹೋಗಬಹುದು.

ಲಾಲ್‌ಬಾಗ್‌ಗೆ ಮೆಟ್ರೋದಲ್ಲಿ ಹೋದೆವು. ಅಲ್ಲಿಂದ ಬಸವನಗುಡಿಗೆ ಮಾತ್ರ ಆಟೋ ಮಾಡಿದೆವು. ಅಷ್ಟು ಹೊತ್ತಿಗೆ ಅತ್ತೆಯ ಮಂಡಿ ಮುಷ್ಕರ ಹೂಡಿತ್ತು. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರ್‌ಗೆ ಮೀಟರ್ ದರ 36 ರೂಪಾಯಿ. ಮೀಟರ್ ಹಾಕುವ ಆಟೋ ಸಿಕ್ಕರೆ ಸಣ್ಣ ದೂರಕ್ಕೆ ಮೆಟ್ರೋಗಿಂತ ಅದೇ ವಾಸಿ. ಮೊದಲು ಕೇಳಿದವನು ಇನ್ನೂರು ಅಂದ, ಮೂರನೆಯವನು ಮೀಟರ್ ಹಾಕಿದ. ಅತ್ತೆ, ನಾನು, ಮಗಳು ಅದರಲ್ಲಿ. ಅಪ್ಪ ಮಗ ನಡೆದು ಬಂದರು, ದೊಡ್ಡ ಬಸವಣ್ಣನ ಮುಂದೆ ಸಿಕ್ಕರು.

ಸಂಜೆ ಊರಿಗೆ ಹೊರಡುವಾಗ ರೈಲಿಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಮೆಜೆಸ್ಟಿಕ್‌ನಲ್ಲಿ ತುಮಕೂರು ಬಸ್ ಹತ್ತಿದೆವು. ಈ ಸಲ ನಾನೇ ಮುಂದೆ ಹೋಗಿ ಎಸಿ ಅಲ್ಲ, ರಾಜಹಂಸ ಅಲ್ಲ ಅಂತ ನೋಡಿ ಆಮೇಲೆ ಎಲ್ಲರನ್ನೂ ಕರೆದೆ. ಕಂಡಕ್ಟರ್ ಮೂರು ಸೊನ್ನೆ ಟಿಕೆಟ್ ಹರಿದು ಕೊಟ್ಟರು. ತಪಾಸಣೆಗೆ ಬಂದರೆ ತೋರಿಸಬೇಕು ಅಂತ ಅತ್ತೆ ಮೂರನ್ನೂ ಎಲೆ ಅಡಿಕೆ ಚೀಲಕ್ಕೆ ಸೇರಿಸಿದರು. ಆಮೇಲೆ ಕಂಡಕ್ಟರ್ ಮಗನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ಹನ್ನೆರಡು ಆಯ್ತಾ?" ಅಂದರು.

"ಇನ್ನೂ ಇಲ್ಲ ಅಂಕಲ್. ಬರೋ ಜೂನ್‌ಗೆ," ಅಂದ ಅವನು, ಬೇಜಾರಿನಿಂದ.

ನಾನು ನೋಟ್‌ಬುಕ್ ತೆಗೆದು, ಮುಂದಿನ ವರ್ಷದ ಲೆಕ್ಕಕ್ಕೆ ಅವನ ಹೆಸರಿನ ಮುಂದೆ 'ಪೂರ್ತಿ' ಅಂತ ಬರೆದುಕೊಂಡೆ.